ತೊಟ್ಟಿಮನೆ ಕೇಸ್ ಕೊನೆಗೂ ಮುಗೀತು (ಅಂದ್ಕೊಂಡಿದೀನಿ)

ಗಾಜಿನಹೆಂಚು · ಶನಿವಾರ ರಾತ್ರಿ 10:48

ಎಲ್ರಿಗೂ ನಮಸ್ಕಾರ. 2021ರ ಎರಡ್ನೇ ಲಾಕ್‌ಡೌನಲ್ಲಿ "ಒಂದೇ ತಿಂಗ್ಳು, ಮುಗ್ಸಿ ಫೋಟೋ ಹಾಕ್ತೀನಿ" ಅಂತ ಇಲ್ಲೇ ಜಂಬ ಕೊಚ್ಕೊಂಡಿದ್ದ ತೊಟ್ಟಿಮನೆ ಕೇಸು, ಅಂದ್ರೆ ತೊಟ್ಟಿಮನೆ ಥರ ಮರದಲ್ಲಿ ಮಾಡ್ತಿದ್ದ ಕಂಪ್ಯೂಟರ್ ಡಬ್ಬ, ಇವತ್ತು ಮಧ್ಯಾಹ್ನ ಮುಗೀತು. ಕೊನೇ ಸ್ಕ್ರೂ ಬಿಗಿದು, ಮಾಡು (ಚಾವಣಿ) ಮುಚ್ಚಿ, ಮುಂಬಾಗ್ಲು ಒತ್ತಿದೆ, ಆನ್ ಆಯ್ತು, ಒಂದ್ ಹತ್ತು ನಿಮಿಷ ಸುಮ್ನೆ ಅದರ ಮುಂದೇನೇ ಕೂತಿದ್ದೆ, ಹೆಂಡ್ತಿ ಬಂದು "ಊಟಕ್ಕೆ ಬರ್ತೀರೋ ಇಲ್ಲಾ ಆ ಮನೇಲೇ ಬಡಿಸ್ಕೋತೀರೋ" ಅಂದ್ಮೇಲೆ ಎದ್ದಿದ್ದು.

ಹೊಸಬ್ರಿಗೆ ಹಳೇ ಕಥೆ ಚುಟುಕಾಗಿ. ತೀರ್ಥಹಳ್ಳಿ ಹತ್ರ ನಮ್ಮಜ್ಜನ ಮನೆ. ನಡುವೆ ತೊಟ್ಟಿ, ಸುತ್ತ ನಾಕೂ ಕಡೆ ಜಗಲಿ, ಮಳೆಗಾಲದಲ್ಲಿ ನಾಕೂ ಮಾಡಿನ ನೀರು ತೊಟ್ಟಿಗೇ ಬಿದ್ದು ಮೂಲೆ ತೂಬಲ್ಲಿ ಹೋಗೋದು. ಪಾಲಾದ್ಮೇಲೆ ಮನೆ ಕಿತ್ತರು. ಮರಮುಟ್ಟು ಎಲ್ಲ ವ್ಯಾಪಾರಕ್ಕೆ ಹೋಯ್ತು, ನಾನು ಊರಿಗೆ ಹೋಗೋ ಹೊತ್ತಿಗೆ ಉಳಿದಿದ್ದು ಹಲಸಿನ ಜಂತಿ ಮೂರು ತುಂಡು ಮತ್ತೆ ಒಂದು ಗಾಜಿನ ಹೆಂಚು. ಹೆಂಚು ಬಸ್ಸಲ್ಲಿ ಬರೋವಾಗ್ಲೇ ಒಡೀತು. ಜಂತಿ ತುಂಡು ಬೆಂಗ್ಳೂರಲ್ಲಿ ಮಂಚದಡಿ ಇತ್ತು, ಕಸ ಗುಡಿಸೋವಾಗೆಲ್ಲ ಅದಕ್ಕೆ ಬೈಗುಳ. ಆ ಮರದಲ್ಲೇ ಆ ಮನೆ ಥರ ಈ ಕೇಸು.

ಈಗ ಅಳತೆ. ಉದ್ದ 42 ಸೆಂಟಿಮೀಟರ್, ಅಗಲ 36, ಮಾಡಿನ ತುದಿಗೆ 27. ಮಿನಿ ಐಟಿಎಕ್ಸ್ ಅನ್ನೋ ಚಿಕ್ಕ ಸೈಜಿನ ಮದರ್‌ಬೋರ್ಡು, 17 ಸೆಂಟಿಮೀಟರ್ ಚೌಕ, ಸರಿಯಾಗಿ ತೊಟ್ಟಿ ಕೆಳಗೆ ಅಂಗಾತ ಮಲಗಿದೆ. ಪ್ರೊಸೆಸರ್ರು ರೈಜನ್ 5 5600ಜಿ. ಆವಾಗಿನ ಗ್ರಾಫಿಕ್ಸ್ ಕಾರ್ಡ್ ರೇಟು ನೆನ್ಪಿದ್ಯಲ್ಲ, ಒಂದ್ಕಡೆ ಕ್ರಿಪ್ಟೋ ಮೈನಿಂಗ್ ಹುಚ್ಚು ಇನ್ನೊಂದ್ಕಡೆ ಚಿಪ್ ಬರ, ಅದಕ್ಕೇ ಕಾರ್ಡೇ ಬೇಡ ಅಂತ ಒಳಗೇ ಗ್ರಾಫಿಕ್ಸ್ ಇರೋದು ತಗೊಂಡೆ. ಅದೇ ಒಳ್ಳೇದಾಯ್ತು, ಕಾರ್ಡ್ ಇದ್ದಿದ್ರೆ ಪಕ್ಕದಲ್ಲಿ ಇನ್ನೊಂದು ಕೊಟ್ಟಿಗೆ ಕಟ್ಬೇಕಾಗ್ತಿತ್ತು. ಕೂಲರ್ ನಾಕ್ಟುವಾ ಎಲ್9ಎ, ಫ್ಯಾನ್ ಸೇರಿ 37 ಎಂಎಂ ಎತ್ತರ ಅಷ್ಟೇ. ಎಸ್‌ಎಫ್‌ಎಕ್ಸ್ ಅನ್ನೋ ಚಿಕ್ಕ ಸೈಜಿನ ಪವರ್ ಸಪ್ಲೈ ಆಗ್ನೇಯ ಮೂಲೇಲಿ, ಅಂದ್ರೆ ಅಡುಗೆಮನೇಲಿ. 2 ಟಿಬಿ ಸಾಟಾ ಡಿಸ್ಕು (ಕೇಬಲ್ಲಲ್ಲಿ ಸೇರಿಸೋ ಥರದ್ದು) ಅಟ್ಟದ ಮೇಲೆ. ತೊಟ್ಟಿ ಬಾಯಿಗೆ ಒಂದು 140 ಎಂಎಂ ಫ್ಯಾನು, ಬಿಸಿಗಾಳಿ ಮೇಲಕ್ಕೆ ಎಳೆದು ಬಿಸಾಕತ್ತೆ.

ಮುಂಬಾಗ್ಲೇ ಪವರ್ ಬಟನ್. ಬಾಗಿಲ ಹಿಂದೆ ಮೌಸ್‌ನ ಕ್ಲಿಕ್ಕಿಗೆ ಹಾಕೋ ಥರದ ಚಿಕ್ಕ ಮೈಕ್ರೋ ಸ್ವಿಚ್ಚು, ಬಾಗ್ಲು ತಟ್ಟಿದ್ರೆ ಟಕ್ ಅಂತ ಆನ್. ಜಗಲಿ ಕಂಬ ನಾಕೂ ಚನ್ನಪಟ್ಣದಲ್ಲಿ ಮಾಡ್ಸಿದ್ದು, ಆಲೆ ಮರ, ಅರಗಿನ ಬಣ್ಣ. ತಿರುಗೋ ಕಂಬಕ್ಕೆ ಅರಗಿನ ಕಡ್ಡಿ ಒತ್ತಿದ್ರೆ ಆ ಬಿಸಿಗೇ ಕರಗಿ ಮೆತ್ಕೊಳತ್ತೆ, ಆಮೇಲೆ ತಾಳೆಗರಿ ಹಿಡಿದು ಉಜ್ತಾರೆ, ಕಣ್ಮುಂದೆ ಕನ್ನಡಿ ಥರ ಹೊಳಪು ಬಂತು. ಇಡೀ ಪ್ರಾಜೆಕ್ಟಲ್ಲಿ ಅರ್ಧ ಗಂಟೇಲಿ ಒಂದೇ ಸಲಕ್ಕೆ ಸರಿಯಾಗಿದ್ದು ಅಂದ್ರೆ ಆ ನಾಕು ಕಂಬ, ಯಾಕಂದ್ರೆ ಅದನ್ನ ನಾನು ಮಾಡ್ಲಿಲ್ಲ.

ಉಳಿದಿದ್ದೆಲ್ಲ ಎರಡೆರಡು ಸಲ. ಜಂತೀನ ಹಲಗೆ ಮಾಡ್ಸಕ್ಕೆ ಆಚಾರ್ರ ಹತ್ರ ಒಯ್ದೆ, ಒಳಗೆ ಎಷ್ಟೋ ವರ್ಷದ ಹಿಂದಿನ ಮೊಳೆ, ಪ್ಲೇನರ್ ಬ್ಲೇಡ್ ಚೂರಾಯ್ತು, ಅದರ ದುಡ್ಡೂ ಕೊಟ್ಟೆ ಬೈಗುಳನೂ ತಿಂದೆ. ಹಳೇ ಮರ ತರೋರು ದಯವಿಟ್ಟು ಮೊದ್ಲು ಮ್ಯಾಗ್ನೆಟ್ ಆಡಿಸಿ ನೋಡಿ. ಆಮೇಲೆ ಪಾಲಿಶು. ಜುಲೈ ತಿಂಗ್ಳು, ಹೊರಗೆ ಜಿಟಿಜಿಟಿ, ನಾನು ಫ್ರೆಂಚ್ ಪಾಲಿಶ್ (ಸ್ಪಿರಿಟ್ಟಲ್ಲಿ ಅರಗು ಕರಗಿಸಿದ್ದು) ಹಚ್ತಾ ಕೂತೆ, ಬೆಳಗ್ಗೆ ನೋಡಿದ್ರೆ ಮರದ ಮೇಲೆಲ್ಲ ಬೂದಿ ಬಳಿದ ಹಾಗೆ ಬಿಳಿ. ಸ್ಪಿರಿಟ್ ಆರೋವಾಗ ಗಾಳೀಲಿರೋ ತೇವ ಒಳಗೆ ಸಿಕ್ಕಾಕ್ಕೊಳತ್ತಂತೆ. ಪೂರ್ತಿ ಉಜ್ಜಿ ತೆಗೆದು ಡಿಸೆಂಬರಲ್ಲಿ ಮತ್ತೆ ಹಚ್ಚಿದೆ.

ಗಾಜಿನ ಹೆಂಚಿನ ಬಗ್ಗೆ ಒಂದು ಮಾತು, ನನ್ನ ಹೆಸ್ರೇ ಅದು. ಹಳೇ ಮನೇಲಿ ಅಡುಗೆಮನೆ ಮೇಲೆ ಒಂದೇ ಒಂದು ಗಾಜಿನ ಹೆಂಚಿತ್ತು, ಹನ್ನೊಂದು ಗಂಟೆ ಸುಮಾರಿಗೆ ಅದರಿಂದ ಒಂದು ಬಿಸಿಲ ಕೋಲು ಇಳಿದು ನೆಲದ ಮೇಲೆ ಬೀಳೋದು, ಒಲೆ ಹೊಗೆ ಅದರೊಳಗೆ ಸುತ್ತೋದು ಕಾಣೋದು. ಇಲ್ಲಿ ಉಲ್ಟಾ ಮಾಡಿದೀನಿ, ರ‍್ಯಾಮ್‌ನ ಬಣ್ಣ ಬದಲಾಯ್ಸೋ ಆರ್‌ಜಿಬಿ ಲೈಟನ್ನ ಹಳದಿಗೆ ಕಟ್ಟಿಹಾಕಿ, ಅದರ ಮೇಲೆ ಸರಿಯಾಗಿ ಒಂದು ಪಾರದರ್ಶಕ ಹೆಂಚು. ರಾತ್ರಿ ರೂಮ್ ಲೈಟ್ ಆರಿಸಿದ್ರೆ ಇಡೀ ಮಾಡು ಕಪ್ಪು, ಆ ಒಂದು ಹೆಂಚು ಮಾತ್ರ ಉರೀತಿರತ್ತೆ. ಆರ್‌ಜಿಬಿ ಬೈಯೋರೆಲ್ಲ ಬಂದು ನೋಡಿ.

ಎಸ್‌ಪಿರೋಡ್‌ಸಂತು · ಶನಿವಾರ ರಾತ್ರಿ 11:05

ಗುರೂ!! ಮುಗಿಸ್ಬಿಟ್ಯಾ!! ನಾನು ಈ ಜನ್ಮದಲ್ಲಿ ಆಗಲ್ಲ ಅಂತ ನಿರ್ಧಾರ ಮಾಡಿದ್ದೆ, ಸ್ವಾರಿ. ಬಾಗ್ಲು ತಟ್ಟಿದ್ರೆ ಆನ್ ಆಗೋದು ಕೊಲೆ ಐಡಿಯಾ. ಆದ್ರೆ ಮನೇಲಿ ಚಿಕ್ಕ ಮಕ್ಳಿದ್ರೆ? ನಮ್ಮನೇಲಿ ಪವರ್ ಬಟನ್ ಅಂದ್ರೆ ನಮ್ಮ ಪಾಪುಗೆ ಆಟದ ಸಾಮಾನು.

ಇನ್ನೊಂದು, ಅಡುಗೆಮನೆ ಆಗ್ನೇಯಕ್ಕಿಟ್ಟು ವಾಸ್ತು ಪಾಲಿಸಿದೀಯ ಸರಿ, ಮುಂದೆ ಲಿಕ್ವಿಡ್ ಕೂಲಿಂಗ್ ಹಾಕಿದ್ರೆ ನೀರಿನ ಟ್ಯಾಂಕು ಈಶಾನ್ಯಕ್ಕೇ ಬರ್ಬೇಕು, ಆ ಮೂಲೆ ಖಾಲಿ ಬಿಟ್ಟಿದೀಯ ತಾನೇ 😂

ಗಾಜಿನಹೆಂಚು · ಶನಿವಾರ ರಾತ್ರಿ 11:19

ಈಶಾನ್ಯದಲ್ಲಿ ದೇವರಮನೆ ಇದೆ, ಅಂದ್ರೆ ವೈಫೈ ಆಂಟೆನಾ. ಸಿಗ್ನಲ್ ಮೇಲಿಂದ ಬರ್ಬೇಕಲ್ಲ.

ಮಗು ವಿಷ್ಯ ಹೌದು, ಸ್ವಿಚ್ಚು ಹಾಕಿದ ಎರಡ್ನೇ ದಿನಾನೇ ಆಫೀಸ್ ಮೀಟಿಂಗ್ ಮಧ್ಯ ನನ್ನ ಮಗಳು ಬಾಗ್ಲು ತಟ್ಟಿ "ಯಾರಿದೀರಾ ಒಳಗೆ" ಅಂದ್ಳು, ಸಿಸ್ಟಮ್ ಮಲಗ್ಬಿಡ್ತು. ವಿಂಡೋಸ್‌ನ ಪವರ್ ಸೆಟ್ಟಿಂಗಲ್ಲಿ ಬಟನ್ ಒತ್ತಿದ್ರೆ ಏನೂ ಮಾಡ್ಬೇಡ ಅಂತ ಇಟ್ಟೆ. ಆದ್ರೂ ನಾಕು ಸೆಕೆಂಡ್ ಒತ್ತಿ ಹಿಡಿದ್ರೆ ಆಫ್ ಆಗೇ ಆಗತ್ತೆ, ಅದು ಹಾರ್ಡ್‌ವೇರ್ ಮಟ್ಟದ್ದು. ಅವಳಿಗೆ ಅಷ್ಟು ತಾಳ್ಮೆ ಇಲ್ಲ, ಸದ್ಯಕ್ಕೆ.

ಕುಡ್ಲದಗಾಳಿ · ಶನಿವಾರ ರಾತ್ರಿ 11:40

ಒಳ್ಳೆದಾಗಿದೆ ಮಾರಾಯ್ರೆ. ಕಂಬ ನೋಡಿ ಕಣ್ಣು ತುಂಬಿತು. ಆದ್ರೆ ಒಂದು ಕೇಳ್ಬೇಕು, ಹೆಂಚು ಎಂಥದ್ರಲ್ಲಿ ಮಾಡಿದ್ದು? ಫೋಟೋದಲ್ಲಿ ನಿಜವಾದ ಮಣ್ಣಿನ ಹಾಗೇ ಕಾಣ್ತದೆ. ನಮ್ಮ ಊರಿನ ಹೆಂಚಿನ ವಿಷಯ ಆದ ಕಾರಣ ನಾನು ಸುಮ್ಮನೆ ಬಿಡುವುದಿಲ್ಲ, 1865ರಲ್ಲಿ ಬಾಸೆಲ್ ಮಿಷನಿನವರು ಮಂಗಳೂರಲ್ಲಿ ಕಾರ್ಖಾನೆ ಶುರು ಮಾಡಿದ್ದು, ನೇತ್ರಾವತಿ ಗುರುಪುರ ಹೊಳೆ ಬದಿಯ ಜೇಡಿ ಮಣ್ಣು. ಅದರ ವಿಶೇಷ ಇರುವುದು ಅಂಚಿನಲ್ಲಿ, ಒಂದು ಹೆಂಚಿನ ಗಾಡಿ, ಅಂದ್ರೆ ಅಂಚಿನ ತೋಡು, ಇನ್ನೊಂದಕ್ಕೆ ಸಿಕ್ಕಿ ಕೂತ್ಕೊಳ್ತದೆ, ಅದಕ್ಕೇ ಗಾಳಿಮಳೆಗೆ ಜಾರುವುದಿಲ್ಲ. ನೀವು ಗಾಡಿ ಮಾಡಿದ್ದೀರಾ ಅಥವಾ ಸುಮ್ಮನೆ ಒಂದರ ಮೇಲೊಂದು ಅಂಟಿಸಿದ್ದಾ?

ಗಾಜಿನಹೆಂಚು · ಭಾನುವಾರ ಬೆಳಗ್ಗೆ 7:10

ಸಿಕ್ಕಿಹಾಕ್ಕೊಂಡೆ. ಗಾಡಿ ಇದೆ ಸಾರ್, ಆದ್ರೆ ಒಂದೇ ಕಡೆ, ಉದ್ದಕ್ಕೆ. ಅಡ್ಡಕ್ಕೆ ಗಮ್ಮು.

ಹೆಂಚಿನದ್ದೇ ಒಂದು ಪುರಾಣ. ಮೊದ್ಲು ನಿಜವಾದ ಮಣ್ಣಲ್ಲೇ ಮಾಡೋಣ ಅಂತ ಹೋದೆ, ಒಂದು ಅಚ್ಚು ಮಾಡಿ ಅರವತ್ತು ಹೆಂಚು ಒತ್ತಿ ನೆರಳಲ್ಲಿ ಒಣಗಿಸಿದೆ, ಒಣಗ್ತಾ ಒಂದೊಂದು ಒಂದೊಂದು ಥರ ಕುಗ್ಗಿ ಸೊಟ್ಟ ಆಯ್ತು. ಸುಟ್ರೆ ಇನ್ನೂ ಕುಗ್ಗತ್ತೆ ಅಂದ್ರು. ಎರಡೂವರೆ ಸೆಂಟಿಮೀಟರ್ ಹೆಂಚಲ್ಲಿ ಒಂದು ಎಂಎಂ ಹೆಚ್ಚುಕಮ್ಮಿ ಆದ್ರೂ ಹತ್ತನೇ ಸಾಲಿಗೆ ಮಾಡೇ ಓರೆ.

ಆಮೇಲೆ 3ಡಿ ಪ್ರಿಂಟು. ಪಿಎಲ್‌ಎ ಅನ್ನೋ ಪ್ಲಾಸ್ಟಿಕ್ಕಲ್ಲಿ ಇಡೀ ಮಾಡಿನ ಹೆಂಚು ಪ್ರಿಂಟ್ ಹಾಕ್ಸಿ ಡಬ್ಬೀಲಿ ತುಂಬಿ ಕಾರಲ್ಲಿಟ್ಟು ಮದುವೆಗೆ ಹೋದೆ. ಏಪ್ರಿಲ್ ಬಿಸ್ಲು, ಗ್ಲಾಸ್ ಪೂರ್ತಿ ಏರ್ಸಿತ್ತು. ಊಟ ಮಾಡಿ ಬಂದು ನೋಡಿದ್ರೆ ಹೆಂಚೆಲ್ಲ ಹಪ್ಪಳ. ಪಿಎಲ್‌ಎ 60 ಡಿಗ್ರಿ ಹತ್ರಾನೇ ಮೆತ್ತಗಾಗತ್ತೆ, ಬಿಸಿಲಲ್ಲಿ ನಿಂತ ಕಾರಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಅಷ್ಟು ಸಲೀಸು. ಕೇಸ್ ಒಳಗೆ ಅಷ್ಟು ಬಿಸಿ ಆಗಲ್ಲ ನಿಜ, ಆದ್ರೆ ಮನಸ್ಸು ಹೆದರ್ಕೊಳ್ತು. ಎರಡ್ನೇ ಸಲ ಪಿಇಟಿಜಿ ಅನ್ನೋ ಇನ್ನೊಂದು ಪ್ಲಾಸ್ಟಿಕ್ಕು, ಅದು 80ರ ತನಕ ತಡೆಯತ್ತೆ. ಅದರ ಹಾಳು ಹೊಳಪು ಹೋಗ್ಲಿ ಅಂತ ಪ್ರತಿ ಹೆಂಚಿಗೂ 400ರ ಎಮರಿ ಪೇಪರ್, ಪ್ರೈಮರ್, ಮೇಲೆ ಮೂರು ಥರದ ಕೆಂಪು ಕಲಸಿ ಬಣ್ಣ, ಕೊನೆಗೆ ಸಂದಿ ಸಂದಿಗೆ ತೆಳ್ಳಗೆ ಕಪ್ಪು ಬಳಿದು ಬಟ್ಟೇಲಿ ಒರೆಸಿದ್ದು. ಉತ್ತರದ ಮಾಡಿಗೆ ಮಾತ್ರ ಒಂಚೂರು ಹಸಿರು, ಆ ಕಡೆ ಬಿಸ್ಲು ಕಮ್ಮಿ ಅಲ್ವ, ಪಾಚಿ ಕಟ್ಬೇಕು.

ಕುಡ್ಲದಗಾಳಿ · ಭಾನುವಾರ ಬೆಳಗ್ಗೆ 7:32

ಉತ್ತರದ ಪಾಚಿಗೆ ಕ್ಷಮಿಸಿದೆ. ಗಮ್ಮು ಮಾಫಿ.

ಮುಂದೆ ಯಾರಾದ್ರೂ ಮರದಲ್ಲಿ ಮಾಡುವವರಿಗೆ, ನಮ್ಮಲ್ಲಿ ಹಳೇ ಕಾಲದಲ್ಲಿ ದೋಣಿಗೂ ಮನೆಯ ಮರಕ್ಕೂ ಗೇರೆಣ್ಣೆ ಬಳಿಯುತ್ತಿದ್ರು, ಹುಳ ಹತ್ತಿರ ಬರುವುದಿಲ್ಲ. ಆದ್ರೆ ಕೈಗೆ ತಾಗಿದ್ರೆ ಚರ್ಮ ಸುಟ್ಟು ಗುಳ್ಳೆ ಏಳ್ತದೆ, ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಮತ್ತೆ ಅದರ ವಾಸನೆ ರೂಮಲ್ಲಿಟ್ಟ ಕಂಪ್ಯೂಟರಿಗೆ ಹೇಳಿದ್ದಲ್ಲ, ಹೊರಗಿನ ಬೆಂಚಿಗೆ ಸರಿ.

ಅರ್ಥಿಂಗ್‌ಮೇಷ್ಟ್ರು · ಭಾನುವಾರ ಬೆಳಗ್ಗೆ 9:15

ಅಂದ ಚಂದ ಎಲ್ಲ ಸರಿ. ನಾನು ಬೋರ್ ಹೊಡೆಸೋ ಪ್ರಶ್ನೆ ಕೇಳ್ತೀನಿ. ಮರದ ಕೇಸಲ್ಲಿ ಅರ್ಥಿಂಗ್ ಏನ್ ಮಾಡಿದೀರಿ?

ಕಬ್ಬಿಣದ ಕೇಸಲ್ಲಿ ಬೋರ್ಡಿನ ಸ್ಕ್ರೂ ತೂತು, ಹಿಂದಿನ ಪೋರ್ಟುಗಳ ತಗಡು, ಪವರ್ ಸಪ್ಲೈ ಡಬ್ಬ ಎಲ್ಲ ಒಂದಕ್ಕೊಂದು ತಾಗಿ ಮೂರನೇ ಪಿನ್ನಿಂದ ಅರ್ಥ್‌ಗೆ ಹೋಗಿರತ್ತೆ. ಮರದಲ್ಲಿ ಪವರ್ ಸಪ್ಲೈ ಡಬ್ಬಕ್ಕೆ ಮಾತ್ರ ನೇರವಾಗಿ ಅರ್ಥ್, ಬೋರ್ಡಿಗೆ ಅದರ 24 ಪಿನ್ ಕೇಬಲ್ಲಿನ ಕಪ್ಪು ವೈರುಗಳ ಮೂಲಕ ಸಿಗತ್ತೆ, ಕೆಲಸ ನಡೆಯತ್ತೆ, ಆದ್ರೆ ಸ್ಟ್ಯಾಟಿಕ್ ಹೊಡೆದಾಗ ಅದು ಹರಿಯೋಕೆ ಅಗಲವಾದ ದಾರಿ ಇರಲ್ಲ, ಮತ್ತೆ ಎಫ್‌ಎಂ ರೇಡಿಯೋ ಪಕ್ಕದಲ್ಲಿಟ್ರೆ ಗೊರಗೊರ ಅನ್ನತ್ತೆ.

ಗಾಜಿನಹೆಂಚು · ಭಾನುವಾರ ಬೆಳಗ್ಗೆ 9:50

ಮೇಷ್ಟ್ರೇ, ನೀವು ಕೇಳ್ತೀರ ಅಂತ್ಲೇ ಮಾಡಿದೀನಿ. ನೆಲಕ್ಕೆ 2 ಎಂಎಂ ಅಲ್ಯುಮಿನಿಯಂ ಶೀಟು, ಅದರ ಮೇಲೆ ಹಿತ್ತಾಳೆ ಸ್ಟ್ಯಾಂಡಾಫ್ (ಬೋರ್ಡ್ ಎತ್ತಿ ಹಿಡಿಯೋ ಪುಟ್ಟ ಕಾಲು), ಅದರ ಮೇಲೆ ಬೋರ್ಡು. ಶೀಟಿಂದ ಒಂದು ದಪ್ಪ ಹಸಿರು ವೈರು ಲಗ್ ಹೊಡೆದು ಪವರ್ ಸಪ್ಲೈ ಸ್ಕ್ರೂಗೆ. ಮಲ್ಟಿಮೀಟರಲ್ಲಿ ಯುಎಸ್‌ಬಿ ಪೋರ್ಟಿನ ತಗಡಿಂದ ಪ್ಲಗ್ಗಿನ ದಪ್ಪ ಪಿನ್ನಿಗೆ ಚೆಕ್ ಮಾಡಿದೆ, ಪೀಂ ಅಂತು.

ಆದ್ರೂ ಒಂದು ಕಥೆ ಆಯ್ತು. ಟೆಸ್ಟಿಂಗಿಗೆ ಅಂತ ಊರಿಗೆ ಒಯ್ದಿದ್ದೆ ಮೇ ತಿಂಗ್ಳಲ್ಲಿ. ಬರಿಗಾಲಲ್ಲಿ ನಿಂತು ಪೆನ್‌ಡ್ರೈವ್ ಹಾಕೋಕೆ ಹೋದ್ರೆ ಕೈ ಜುಮ್ಮ್ ಅಂತು. ಟೆಸ್ಟರ್ ಇಟ್ರೆ ಸಣ್ಣಗೆ ಉರೀತು. ನನ್ನ ಮರದ ಮನೇಲೇ ಎಲ್ಲೋ ಶಾರ್ಟು ಅಂದ್ಕೊಂಡು ಎಲ್ಲ ಬಿಚ್ಚಿ ಹಾಕಿದೆ, ಒಂದಿಡೀ ದಿನ, ಏನೂ ಸಿಗ್ಲಿಲ್ಲ. ಸಂಜೆ ವೈರಿಂಗ್ ಮಾಡೋರು ಬಂದು ನೋಡಿ ನಕ್ಕು "ಅರ್ಥ್ ಗುಂಡಿ ಒಣಗಿದೆ, ಎರಡು ಬಕೆಟ್ ನೀರು ಹೊಯ್ರಿ" ಅಂದ್ರು. ಹೊಯ್ದೆ. ಜುಮ್ಮನ್ನೋದು ನಿಂತೋಯ್ತು.

ಅರ್ಥಿಂಗ್‌ಮೇಷ್ಟ್ರು · ಭಾನುವಾರ ಬೆಳಗ್ಗೆ 10:04

ಅದೇ ಸರಿಯಾದ ಉತ್ತರ. ಪವರ್ ಸಪ್ಲೈ ಒಳಗೆ ಲೈನಿಂದಲೂ ನ್ಯೂಟ್ರಲಿಂದಲೂ ಡಬ್ಬಕ್ಕೆ ಒಂದೊಂದು ಚಿಕ್ಕ ಕೆಪಾಸಿಟರ್ ಇರತ್ತೆ, ಗದ್ದಲ ಸೋಸೋಕೆ. ಅರ್ಥ್ ಕೈಕೊಟ್ರೆ ಡಬ್ಬ ಹೆಚ್ಚುಕಮ್ಮಿ 230ರ ಅರ್ಧ ವೋಲ್ಟೇಜಲ್ಲಿ ತೇಲ್ತಾ ಇರತ್ತೆ, ಕರೆಂಟು ತೀರಾ ಕಮ್ಮಿ, ಅದಕ್ಕೇ ಬರೀ ಜುಮ್ಮು. ಅದು ಕೇಸಿನ ತಪ್ಪಲ್ಲ. ಗುಂಡೀಲಿ ಇದ್ದಿಲು ಉಪ್ಪು ಹಾಕಿರ್ತಾರೆ, ಬೇಸಿಗೇಲಿ ನೀರು ಕುಡಿಸ್ತಾ ಇರ್ಬೇಕು. ಮೂರು ಪಿನ್ನನ್ನ ಎರಡು ಪಿನ್ ಮಾಡೋ ಅಡಾಪ್ಟರ್ ಹಾಕೋರು ಇದನ್ನ ಎರಡು ಸಲ ಓದಿ.

ಹಸಿರು ವೈರಿಗೆ ಫುಲ್ ಮಾರ್ಕ್ಸ್.

ಪೇಢಾನಗರ · ಭಾನುವಾರ ಬೆಳಗ್ಗೆ 11:22

ಭಾಳ ಚೊಲೋ ಆಗೇತ್ರಿ ಸರ. ನೋಡಿ ನಮಗೂ ಹುರುಪು ಬಂತು. ನಮ್ಮ ಕಡೆ ವಾಡೆ ಥರ ಒಂದು ಮಾಡಬೇಕಂತ ಎರಡು ವರ್ಷದಿಂದ ತಲ್ಯಾಗ ಐತಿ, ಮಣ್ಣಿನ ಮಾಳಗಿ, ದೊಡ್ಡ ಅಗಸಿ ಬಾಗಲ. ಮ್ಯಾಲೆ ಚಪ್ಪಟ ಮಾಳಗಿ ಇದ್ರ ಫ್ಯಾನ್ ಕುಂದ್ರಸೂದು ಸಲೀಸ, ಬೆಳಕಿಂಡಿನ ಫ್ಯಾನ್ ತೂತ. ಹಾರ್ಡ್ ಡಿಸ್ಕ್ ಎಲ್ಲಿ ಇಡ್ತೀನಿ ಹೇಳ್ರಿ ನೋಡೂಣು? ಹಗೇವದಾಗ! ಜೋಳ ತುಂಬಿ ಇಡೂ ಜಾಗಾ, ಡೇಟಾನೂ ಅಲ್ಲೇ ಇರಲಿ, ವರ್ಷಗಟ್ಲೆ ಕೆಡೂದಿಲ್ಲ.

ಒಂದು ಸಂಶೆ ಐತ್ರಿ. ನಿಮ್ಮ ಕಡೆ ಮಳಿ, ನಮ್ಮ ಕಡೆ ಒಣಾ ಹವಾ. ಮರ ಸೀಳೂದಿಲ್ಲೇನ್ರಿ?

ಗಾಜಿನಹೆಂಚು · ಭಾನುವಾರ ಮಧ್ಯಾಹ್ನ 12:05

ಹಗೇವು!! ಇದಕ್ಕಿಂತ ಒಳ್ಳೇ ಜಾಗ ಇಲ್ವೇ ಇಲ್ಲ, ಆದ್ರೆ ಹಗೇವಿಗೂ ಒಂಚೂರು ಗಾಳಿ ಬಿಡಿ, ಜೋಳದ ಥರ ಡಿಸ್ಕು ಸುಮ್ನಿರಲ್ಲ, ಬಿಸಿಯಾಗತ್ತೆ.

ಮರ ಹಿಗ್ಗೋದು ಕುಗ್ಗೋದು ಅಡ್ಡಕ್ಕೆ ಮಾತ್ರ, ಎಳೆ ಉದ್ದಕ್ಕೆ ಇಲ್ಲ ಅನ್ನೋಷ್ಟು ಕಮ್ಮಿ. ನಾನು ಮೊದ್ಲು ಮಾಡಿನ ಹಲಗೆ ಚೌಕಟ್ಟಿಗೆ ಟೈಟಾಗಿ ಕೂರ್ಸಿದ್ದೆ, ಜೂನಲ್ಲಿ ಊರಿಗೆ ಒಯ್ದಾಗ ಊದ್ಕೊಂಡು ತೆಗೆಯೋಕೇ ಬರ್ಲಿಲ್ಲ, ಸ್ಕ್ರೂಡ್ರೈವರ್ ಹಾಕಿ ಎಬ್ಬಿದ ಗಾಯ ಈಗ್ಲೂ ಇದೆ. ಈಗ ಸುತ್ತ 2 ಎಂಎಂ ಸಂದು ಬಿಟ್ಟಿದೀನಿ. ಅಲ್ಯುಮಿನಿಯಂ ಶೀಟನ್ನ ಮರಕ್ಕೆ ಹಿಡಿಸೋ ಸ್ಕ್ರೂ ತೂತನ್ನೂ ದುಂಡಗೆ ಕೊರೀದೆ ಉದ್ದುದ್ದ ಕೊರೀರಿ, ಮರ ಆಡಕ್ಕೆ ಜಾಗ ಬೇಕು, ಇಲ್ದಿದ್ರೆ ಅದೇ ಸೀಳೋದು.

ಬರೀಸತ್ಯ · ಭಾನುವಾರ ಮಧ್ಯಾಹ್ನ 1:30

ಬೇಜಾರ್ ಮಾಡ್ಕೋಬೇಡಿ, ಚೆನ್ನಾಗಿದೆ. ಆದ್ರೆ ಇಷ್ಟು ವರ್ಷ, ಇಷ್ಟು ದುಡ್ಡು, ಕೊನೆಗೆ ಒಳಗಿರೋದು 5600ಜಿ. ಅಂಗ್ಡೀಲಿ ಸಿಗೋ ಸಾಧಾರಣ ಕೇಸಲ್ಲಿ ಇದಕ್ಕಿಂತ ತಣ್ಣಗಿರತ್ತೆ. ಮತ್ತೆ ಮರ ಅಂದ್ರೆ ಬೆಂಕಿ. ನಾಳೆ ಏನಾದ್ರೂ ಆದ್ರೆ?

ಎಸ್‌ಪಿರೋಡ್‌ಸಂತು · ಭಾನುವಾರ ಮಧ್ಯಾಹ್ನ 1:41

ಬಂದ್ರಪ್ಪ. ಮದುವೆ ಮನೇಗೆ ಬಂದು "ರಿಜಿಸ್ಟರ್ ಆಫೀಸಲ್ಲಿ ಕಮ್ಮೀಲಿ ಆಗ್ತಿತ್ತು" ಅನ್ನೋರು.

ಹಳೇಟೈಪ್‌ರೈಟರ್ · ಭಾನುವಾರ ಮಧ್ಯಾಹ್ನ 2:10

ಜಗಳ ಬೇಡ. ಮರದ ಕೇಸು ಹೊಸ ಹುಚ್ಚೇನಲ್ಲ ಅನ್ನೋದಷ್ಟೇ ನನ್ನ ಮಾತು. 1976ರಲ್ಲಿ ಆಪಲ್-1 ಬಂದಾಗ ಅದಕ್ಕೆ ಕೇಸೇ ಇರ್ಲಿಲ್ಲ, ಬರೀ ಬೋರ್ಡು, ಬೆಲೆ 666 ಡಾಲರ್ 66 ಸೆಂಟು. ಕೀಬೋರ್ಡು, ಟ್ರಾನ್ಸ್‌ಫಾರ್ಮರು, ಪೆಟ್ಟಿಗೆ ಎಲ್ಲ ತಗೊಂಡೋರ ಪಾಡು. ತುಂಬಾ ಜನ ಮರದ ಪೆಟ್ಟಿಗೇನೇ ಮಾಡ್ಕೊಂಡ್ರು, ಈಗ ಮ್ಯೂಸಿಯಮ್ಮಲ್ಲಿ ಇರೋವು ಕೆಲವು ಅಂಥವೇ. ನಾವೆಲ್ಲ ಬೂದು ಬಣ್ಣದ ಡಬ್ಬ ನೋಡಿ ಬೆಳೆದೋರು, ಅದೇ ಮೂಲ ಅನ್ಕೊಂಡಿದೀವಿ.

ಬೆಂಕಿ ಭಯ ಪೂರ್ತಿ ಸುಳ್ಳಲ್ಲ, ಆದ್ರೆ ಮರ ಹತ್ಕೊಳ್ಳೋಕೆ 250 ಡಿಗ್ರಿ ಮೇಲೆ ಬೇಕು, ಪ್ರೊಸೆಸರ್ 95ಕ್ಕೇ ತಾನಾಗಿ ವೇಗ ಇಳಿಸತ್ತೆ. ಭಯ ಇರೋದು ಲಡಕಾಸಿ ಪವರ್ ಸಪ್ಲೈ ಮತ್ತೆ ಲೂಸ್ ಕನೆಕ್ಷನ್ನಿಂದ. ಅದು ಕಬ್ಬಿಣದ ಕೇಸಲ್ಲೂ ಅಷ್ಟೇ ಭಯ.

ಅರ್ಧಬಸ್ಸು · ಭಾನುವಾರ ಮಧ್ಯಾಹ್ನ 3:26

ಅಣ್ಣ, ನಂದು ಬೇರೆ ಪ್ರಶ್ನೆ. ನಾನು ಕೆಂಪು ಬಸ್ ಥರ ಕೇಸ್ ಶುರು ಮಾಡಿ ಒಂದೂವರೆ ವರ್ಷ ಆಯ್ತು, ಬಾಡಿ ಆಗಿದೆ, ಕಿಟಕಿ ಆಗಿದೆ, ಬೋರ್ಡ್ ಕೂತಿದೆ, ಆನ್ ಕೂಡ ಆಗತ್ತೆ, ಆದ್ರೆ ಮುಗೀತಾ ಇಲ್ಲ, ದಿನಾ ನೋಡ್ತೀನಿ, ಸೀಟು ಮಾಡ್ಬೇಕು, ಟಿಕೆಟ್ ಮೆಷಿನ್ ಮಾಡ್ಬೇಕು, ಲಗೇಜ್ ಕ್ಯಾರಿಯರ್ ಮಾಡ್ಬೇಕು ಅಂತ ಪಟ್ಟಿ ಬೆಳೀತಾನೇ ಇದೆ. ನೀವು ಹೆಂಗೆ ಮುಗ್ಸಿದ್ರಿ, ನಿಜ ಹೇಳಿ.

ಗಾಜಿನಹೆಂಚು · ಭಾನುವಾರ ಸಂಜೆ 4:02

ನಿಜ ಹೇಳ್ತೀನಿ ತಮ್ಮ. ಅಮ್ಮ ಈ ವಾರ ಊರಿಂದ ಬರ್ತಾರೆ ಅಂತ ಫೋನ್ ಬಂತು. ಅಷ್ಟೇ.

ಆ ಫೋನ್ ಬಂದ ರಾತ್ರಿ ಪಟ್ಟಿ ತೆಗೆದು ಕೂತೆ, ಇಪ್ಪತ್ತಮೂರು ಐಟಮ್ ಇತ್ತು. ತೊಟ್ಟೀಲಿ ನಿಜವಾದ ನೀರು, ಪುಟ್ಟ ಪಂಪು, ಮಾಡಿಂದ ಮಳೆ ಬೀಳೋದು, ಇದೊಂದಕ್ಕೇ ನಾನು ಎಂಟು ತಿಂಗ್ಳು ಪಂಪು ಟ್ಯೂಬು ತರಿಸ್ಕೊಂಡು ಆಟ ಆಡಿದ್ದೆ, ಬೋರ್ಡ್ ಮೇಲೆ ನೇರ ನೀರು, ಬುದ್ಧಿ ಇರೋನು ಮಾಡೋ ಕೆಲ್ಸನಾ. ಹೊಡೆದು ಹಾಕ್ದೆ. ಕಂಬದ ಬೋದಿಗೆ ಕೆತ್ತನೆ, ಹೊಡೆದು ಹಾಕ್ದೆ. ಜಗಲಿ ಮೇಲೆ ಅಜ್ಜನ ಕವಳದ ತಟ್ಟೆ, ಅದು ಬಿಡೋಕೆ ಮನಸ್ಸು ಬರ್ಲಿಲ್ಲ, ಬಟನ್ ಸೆಲ್ ಒಂದನ್ನ ಅಂಟಿಸಿ ತಟ್ಟೆ ಅಂದ್ಬಿಟ್ಟೆ. ಏಳು ಉಳೀತು. ಏಳನ್ನ ಒಂಬತ್ತು ರಾತ್ರೀಲಿ ಮಾಡಿದೆ. ನಿನ್ ಬಸ್ಸಿಗೆ ಟಿಕೆಟ್ ಮೆಷಿನ್ ಯಾಕೆ, ಕಂಡಕ್ಟ್ರು ಊಟಕ್ಕೆ ಇಳ್ದಿದಾರೆ ಅಂದ್ಕೋ.

ಗಾಳಿಲೆಕ್ಕ · ಭಾನುವಾರ ಸಂಜೆ 6:45

ಲೇಟಾಗಿ ಬಂದೆ. ಫೋಟೋ ಝೂಮ್ ಮಾಡಿ ನೋಡ್ದೆ, ಒಂದೆರಡು ಲೆಕ್ಕ ಕೇಳ್ತೀನಿ. ಎಂಟು ಕಿಟಕಿ, ಒಂದೊಂದು 3x4 ಸೆಂಟಿಮೀಟರ್ ಇರ್ಬೇಕು, ಒಟ್ಟು 96 ಚದರ ಸೆಂಟಿಮೀಟರ್, ಸರಳುಗಳು ಅರ್ಧ ತಿಂದ್ರೆ 48. ಮೇಲಿನ 140 ಫ್ಯಾನು 154, ನಡುವಿನ ಗುಂಡು ಕಳೆದ್ರೂ 140 ಹತ್ರ. ಒಳಗೆ ಬರೋ ದಾರಿ ಹೊರಗೆ ಹೋಗೋ ದಾರಿಯ ಮೂರನೇ ಒಂದು. ಮೂಗು ಮುಚ್ಚಿ ಓಡಿದ ಹಾಗೆ. ಟೆಂಪರೇಚರ್ ಎಷ್ಟು?

ಗಾಜಿನಹೆಂಚು · ಭಾನುವಾರ ಸಂಜೆ 7:01

ಮೊದಲ ಸಲ ಫುಲ್ ಲೋಡಲ್ಲಿ 91 ಬಂದಿತ್ತು, ಆಮೇಲೆ ತಳಪಾಯ ಒಂದೂಮುಕ್ಕಾಲು ಸೆಂಟಿಮೀಟರ್ ಎತ್ತಿ ನೆಲದಲ್ಲಿ ಉದ್ದುದ್ದ ಸೀಳು ಕೊರೆದೆ, ಅದು ಫೋಟೋದಲ್ಲಿ ಕಾಣಲ್ಲ. ಈಗ ಅರ್ಧ ಗಂಟೆ ಲೋಡಿಗೆ 78, ರೂಮು 27.

ಗಾಳಿಲೆಕ್ಕ · ಭಾನುವಾರ ಸಂಜೆ 7:20

ಸರಿ, ಒಂದು ಹೇಳ್ಲಾ, ಬೈಬೇಡಿ. ಆ ಫ್ಯಾನ್ ಉಲ್ಟಾ ಮಾಡಿ.

ನಿಮ್ಮ ಕೂಲರ್ ಗಾಳೀನ ಮೇಲಿಂದ ಎಳ್ಕೊಂಡು ಬೋರ್ಡಿಗೆ ಊದೋ ಥರದ್ದು. ಅದರ ಮೇಲೇ ಇನ್ನೊಂದು ದೊಡ್ಡ ಫ್ಯಾನು ಅದೇ ಗಾಳೀನ ಮೇಲಕ್ಕೆ ಎಳೀತಿದೆ. ಇಬ್ರೂ ಒಂದೇ ತಟ್ಟೆಗೆ ಕೈ ಹಾಕಿದಾರೆ. ಬಿಸಿಗಾಳಿ ಮೇಲೆ ಹೋಗತ್ತೆ ಅನ್ನೋದು ನಿಜವಾದ ತೊಟ್ಟಿಮನೆಗೆ ಸರಿ, ಅಲ್ಲಿ ಹದಿನೈದಿಪ್ಪತ್ತು ಅಡಿ ಎತ್ತರ ಇದೆ, ಫ್ಯಾನ್ ಇಲ್ಲ. ನಿಮ್ದು ಒಂದಡಿ ಪೆಟ್ಟಿಗೆ, ಅಷ್ಟ್ರಲ್ಲಿ ತಾನಾಗಿ ಏರೋ ಬಿಸಿಗಾಳಿಯ ಬಲ ಫ್ಯಾನಿನ ಮುಂದೆ ಲೆಕ್ಕಕ್ಕೇ ಇಲ್ಲ. ಮೇಲಿಂದ ತಣ್ಣನೆ ಗಾಳಿ ನೇರ ಕೂಲರಿಗೆ ಕೊಡಿ, ಬಿಸಿ ಕಿಟಕಿಯಿಂದ ಹೋಗ್ಲಿ.

ಗಾಜಿನಹೆಂಚು · ಭಾನುವಾರ ಸಂಜೆ 7:28

ನಿನ್ನೆ ತಾನೇ ಮುಗೀತು ಅಂತ ಹಾಕಿದೀನಿ ಕಣ್ರೀ.

ಗಾಜಿನಹೆಂಚು · ಸೋಮವಾರ ರಾತ್ರಿ 9:55

ಮಾಡಿದೆ. ಮಾಡು ಬಿಚ್ಚಿ, ನಾಕು ಸ್ಕ್ರೂ ತೆಗೆದು, ಫ್ಯಾನ್ ಮಗುಚಿ ಹಾಕ್ದೆ. ಅದೇ ರೂಮು, ಅದೇ 27, ಅದೇ ಅರ್ಧ ಗಂಟೆ. 72. ಪೂರ್ತಿ ಮಾಡೇ ತೆಗೆದಿಟ್ರೆ 70 ಬರತ್ತೆ, ಅಂದ್ರೆ ಮಾಡು ಇದ್ದೂ ಇಲ್ಲದ ಹಾಗೆ. ಎರಡು ಸಲ ಮಾಡಿ ನೋಡ್ದೆ, ನಂಬೋಕಾಗ್ಲಿಲ್ಲ. 78ರಲ್ಲಿ ಕೂತು ನಾನು ಸಮಾಧಾನ ಪಟ್ಕೊಂಡಿದ್ನಲ್ಲ ಅಂತ.

ಆದ್ರೆ ಈಗ ತೊಟ್ಟಿಗೆ ಧೂಳು ಬೀಳತ್ತೆ. ನಮ್ಮ ರಸ್ತೇಲಿ ಪೈಪಿಗೆ ಅಗೆದು ಹಾಗೇ ಬಿಟ್ಟಿದಾರೆ, ಒಂದೇ ದಿನಕ್ಕೆ ಕೂಲರ್ ರೆಕ್ಕೆ ಮೇಲೆ ಕೆಂಪು. ಕಿಟಕಿಗೆ ಹಾಕೋ ಸೊಳ್ಳೆ ಜಾಲರಿ ಚೂರು ಇತ್ತು, ಕತ್ತರಿಸಿ ಫ್ಯಾನ್ ಮೇಲೆ ಹಾಸ್ದೆ, 74ಕ್ಕೆ ಏರ್ತು, ಇರ್ಲಿ.

ಗಾಳಿಲೆಕ್ಕ · ಸೋಮವಾರ ರಾತ್ರಿ 10:10

74 ಸಾಕು. ಜಾಲರಿ ಮ್ಯಾಗ್ನೆಟ್ ಪಟ್ಟೀಲಿ ಕೂರ್ಸಿ, ತಿಂಗ್ಳಿಗೊಮ್ಮೆ ಎತ್ತಿ ನಲ್ಲಿ ಕೆಳಗೆ ಹಿಡಿದ್ರೆ ಆಯ್ತು.

ಎಸ್‌ಪಿರೋಡ್‌ಸಂತು · ಸೋಮವಾರ ರಾತ್ರಿ 10:14

ಅಮ್ಮ ಬಂದ್ರಾ?? ಎಲ್ರೂ ಅದಕ್ಕೇ ಕಾಯ್ತಿದೀವಿ.

ಗಾಜಿನಹೆಂಚು · ಬುಧವಾರ ರಾತ್ರಿ 9:30

ಬಂದ್ರು. ಬ್ಯಾಗ್ ಇಟ್ಟು ಕಾಫಿ ಕುಡಿದು ಆಮೇಲೆ ಕನ್ನಡಕ ಹಾಕ್ಕೊಂಡು ಬಗ್ಗಿ ನೋಡಿದ್ರು, ಐದು ನಿಮಿಷ ಮಾತಿಲ್ಲ. ಆಮೇಲೆ ಬೆರಳಿಟ್ಟು "ಇದು ಒಳ ಜಗಲಿ, ಇದು ಬಾಣಂತಿ ಕೋಣೆ, ಇದು ಅಡುಗೆಮನೆ" ಅಂತ ಎಣಿಸ್ತಾ ಬಂದ್ರು. ಅಡುಗೆಮನೆ ಕಿಟಕಿ ಹತ್ರ ಕೈ ಇಟ್ಟು "ಬಿಸಿ ಬರ್ತಿದೆ ಕಣೋ" ಅಂದ್ರು. ಪವರ್ ಸಪ್ಲೈ ಅಂತ ಹೇಳೋಕೆ ಬಾಯಿ ತೆಗೆದೆ, ಅಷ್ಟ್ರಲ್ಲಿ "ಒಲೆ ಅಲ್ಲೇ ಇದ್ದಿದ್ದು" ಅಂದ್ರು.

ಆಮೇಲೆ ತಪ್ಪು ಶುರು. ಮುಂಬಾಗ್ಲು ನಟ್ಟನಡುವೆ ಇರ್ಲಿಲ್ವಂತೆ. ಹೊರಗೆ ನಿಂತೋರಿಗೆ ನೇರ ತೊಟ್ಟಿ ಕಾಣ್ಬಾರ್ದು ಅಂತ ಒಂದು ಗೇಣು ಎಡಕ್ಕೆ ಇಟ್ಟಿದ್ರಂತೆ ಅಜ್ಜ. ನಾನು ಆ ಬಾಗ್ಲಲ್ಲಿ ಹುಟ್ಟಿದಾಗಿಂದ ಓಡಾಡಿದೀನಿ, ಗೊತ್ತೇ ಇರ್ಲಿಲ್ಲ. ಅದು ಈಗ ಬದಲಾಯ್ಸಲ್ಲ, ಸ್ವಿಚ್ಚು ವೈರು ಎಲ್ಲ ಅಲ್ಲೇ ಇದೆ. ಎರಡ್ನೇದು, "ತುಳಸಿಕಟ್ಟೆ ಎಲ್ಲೋ?" ಅಂದ್ರು. ಅಂಗಳವೇ ಮಾಡಿಲ್ಲ ಅಮ್ಮ ಅಂದೆ. ಅದಕ್ಕೆ ಏನೂ ಅನ್ಲಿಲ್ಲ, ಸುಮ್ನೆ ಮಗಳನ್ನ ಕರ್ಕೊಂಡು ಪಾರ್ಕಿಗೆ ಹೋದ್ರು.

ಅವ್ರು ಅನ್ನದೇ ಇದ್ದಿದ್ದೇ ಕಷ್ಟ ಆಯ್ತು. ಜಂತಿ ತುಂಡು ಇನ್ನೂ ಒಂದು ಗೇಣು ಉಳಿದಿದೆ. ಚಿಕ್ಕ ಕಟ್ಟೆ ಮಾಡಿ ಮುಂದೆ 3 ಎಂಎಂ ಎಲ್‌ಇಡಿ ದೀಪ ಇಡೋಣ ಅಂತ. ಮಾಮೂಲಿ ಪವರ್ ಎಲ್‌ಇಡಿ ಪಿನ್ನಿಗೆ ಬೇಡ, ಹಾರ್ಡ್ ಡಿಸ್ಕ್ ಎಲ್‌ಇಡಿ ಪಿನ್ನಿಗೆ ಕೊಟ್ರೆ ಡಿಸ್ಕ್ ಓದಿದಾಗೆಲ್ಲ ಮಿಣುಕತ್ತೆ, ಗಾಳಿಗೆ ಆಡೋ ದೀಪದ ಹಾಗೆ. ಅದಕ್ಕೆ ರೆಸಿಸ್ಟರ್ ಬೇಕಾ ಮೇಷ್ಟ್ರೇ?

ಅರ್ಥಿಂಗ್‌ಮೇಷ್ಟ್ರು · ಬುಧವಾರ ರಾತ್ರಿ 9:48

ಬೇಡ, ಬೋರ್ಡಲ್ಲೇ ಇರತ್ತೆ. ಪ್ಲಸ್ ಮೈನಸ್ ಮಾತ್ರ ನೋಡಿ, ಸ್ವಿಚ್ಚಿನ ಥರ ಹೇಗಾದ್ರೂ ಹಾಕಿದ್ರೆ ಉರಿಯಲ್ಲ, ಎಲ್‌ಇಡಿಯ ಉದ್ದ ಕಾಲು ಪ್ಲಸ್ಸಿಗೆ. ಇನ್ನೊಂದು, ಕೆಲವು ಬೋರ್ಡಲ್ಲಿ ಬೋರ್ಡಿಗೇ ನೇರ ಕೂರೋ ಎನ್‌ವಿಎಂಇ ಡಿಸ್ಕಿಗೆ ಆ ದೀಪ ಮಿಣುಕೋದೇ ಇಲ್ಲ, ಸಾಟಾಗೆ ಮಾತ್ರ. ನಿಮ್ದು ಅಟ್ಟದಲ್ಲಿ ಸಾಟಾ ಇದೆಯಲ್ಲ, ಆಗತ್ತೆ.

ಗಾಜಿನಹೆಂಚು · ಬುಧವಾರ ರಾತ್ರಿ 9:56

ಥ್ಯಾಂಕ್ಸ್ ಮೇಷ್ಟ್ರೇ. ಈಗ ಮ್ಯಾನ್ಯುಯಲ್ ತೆಗೆದು ನೋಡ್ದೆ, ಆ ಪಿನ್ನು ಇರೋದು ಬೋರ್ಡಿನ ಮೂಲೇಲಿ, ಅಡುಗೆಮನೆ ಗೋಡೆ ಹಿಂದೆ. ಪವರ್ ಸಪ್ಲೈ ತೆಗೀದೆ ಕೈ ಹೋಗಲ್ಲ. ಶನಿವಾರ ಮತ್ತೆ ಮಾಡು ಬಿಚ್ತೀನಿ.